ತಿರುಗಿಸಿಟ್ಟ ಚಿತ್ರ

ಯಾವ ವಸ್ತುವನ್ನು ನೋಡಿದರೂ ಸಂಪದಾಳ ಬಲಗೈಯ ತೋರುಬೆರಳು ಅದರ ಅಂಚಿನಗುಂಟ ಸರಿಯಲು ಹವಣಿಸುತ್ತಿತ್ತು. ಒಲೆಯ ಮೇಲಿನ ಹಾಲಿನ ಕೆನೆ, ಕಟ್ಟೆಯ ಮೇಲೆ ಚೆಲ್ಲಿದ ಚಹಾ, ಅತ್ತೆ ಸುಂದರಾಬಾಯಿ ಒರಗಿ ಕೂರುವ ಕಡೆ ಗೋಡೆಗೆ ಹತ್ತಿದ ಎಣ್ಣೆಯ ಗುರುತು, ಎಲ್ಲಕ್ಕೂ ಒಂದು ಗೆರೆ ಬೇಕಿತ್ತು; ಇಲ್ಲಿಯವರೆಗೆ ಇದು, ಇಲ್ಲಿಂದಾಚೆ ಬೇರೆ ಎಂದು. ಪ್ರಯೋಗಾಲಯದಲ್ಲಿ ದಿನವಿಡೀ ಮಾಡುವ ಕೆಲಸ ಮನೆಯವರೆಗೂ ಹಿಂಬಾಲಿಸಿ ಬಂದಿದೆಯೆಂದು ಗಂಡ ಮಿಲಿಂದ ಮೊದಮೊದಲು ನಗುತ್ತಿದ್ದ, ಈಗ ಅವಳ ಬೆರಳನ್ನು ಗಮನಿಸುವುದನ್ನೇ ಬಿಟ್ಟಿದ್ದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆಗೆದ ಚಿತ್ರಗಳಲ್ಲಿ ಪುಡಿಯ ಒಂದೊಂದು ಕಣದ ಸುತ್ತಲೂ ಗೆರೆ ಎಳೆಯುವುದು ಅವಳ ಕೆಲಸ. ಎಲ್ಲೋ ಸಿಕ್ಕ, ಯಾರದೆಂದು ಗೊತ್ತಿಲ್ಲದ ಯುರೇನಿಯಂ ಪುಡಿ ಯಾವ ಕಾರ್ಖಾನೆಯಲ್ಲಿ ಹುಟ್ಟಿರಬಹುದು ಎಂಬುದನ್ನು ಆ ಗೆರೆಗಳು ಸ್ವಲ್ಪಮಟ್ಟಿಗೆ ಹೇಳುತ್ತವೆ. ಒಂದು ಕಡೆ ಮಾಡಿದ್ದು ಅಗಲವಾದ ಬಿಲ್ಲೆಗಳಂತೆ ಕಾಣುತ್ತದೆ, ಇನ್ನೊಂದು ಕಡೆಯದು ಸಣ್ಣ ಕಡ್ಡಿಗಳಂತೆ. ಹೇಗೆ ತಯಾರಿಸಿದರು, ಎಷ್ಟು ಕಾಯಿಸಿದರು ಎಂಬುದರ ನೆನಪು ಕಣದ ಆಕಾರದಲ್ಲಿ ಉಳಿದಿರುತ್ತದೆ. ಗೆರೆ ಎಳೆದು ಕೊಟ್ಟರೆ ಮುಂದಿನ ಲೆಕ್ಕವೆಲ್ಲ ಕಂಪ್ಯೂಟರಿನದು. ಆದರೆ ಒಂದರ ಮೇಲೊಂದು ಬಿದ್ದು ಅಂಚು ಮಸುಕಾದ ಕಡೆ ಇದು ಒಂದೋ ಎರಡೋ ಎಂದು ಕಂಪ್ಯೂಟರಿಗೆ ಭರವಸೆಯಿಂದ ತಿಳಿಯುವುದಿಲ್ಲ. ಅದಕ್ಕೆ ಮನುಷ್ಯರ ಕಣ್ಣು ಬೇಕು. ಮತ್ತು ಆ ಕಣ್ಣಿಗೆ ಪುಡಿ ಎಲ್ಲಿಂದ ಬಂತು, ಯಾರ ಕೈಯಲ್ಲಿ ಸಿಕ್ಕಿತು ಎಂಬುದು ಗೊತ್ತಿರಬಾರದು. ಅದು ಅವರ ಕೆಲಸದ ಮೊದಲ ಕಟ್ಟಳೆ.

"ಸಂಪದಾ, ಇಲ್ಲಿ ಬಾ. ಈ ಗ್ವಾಡಿಗೆ ಯಾರರೆ ಬಣ್ಣಾ ಹಚ್ಚ್ಯಾರೇನು?" ಸುಂದರಾಬಾಯಿ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಒಂದೇ ಕಣ್ಣಿನ ಪೊರೆ ತೆಗೆಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

"ಇಲ್ಲ ಅತ್ಯಾ."

"ಈ ಕಣ್ಣಿಲೆ ನೋಡಿದ್ರ ಬೆಳ್ಳಗ ಅದ. ಆ ಕಣ್ಣಿಲೆ ನೋಡಿದ್ರ ಹಳದಿ ಅದ. ಖರೆ ಯಾವ್ದು?"

"ಆಪರೇಶನ್ ಆದ ಕಣ್ಣಿಂದ ಕಾಣೂದು."

"ಮತ್ತ ಇಷ್ಟು ವರ್ಷ ನಾ ನೋಡಿದ್ದು?" ಕೈ ಬದಲಿಸಿ ಇನ್ನೊಂದು ಕಣ್ಣು ಮುಚ್ಚಿಕೊಂಡರು. "ನಿಮ್ಮ ಮಾವನವರ ಪಂಚೆ ಬೆಳ್ಳಗ ಒಗಿಲಿಲ್ಲ ಅಂತ ಎಷ್ಟು ಸಲ ಮುಸುರಿಯವಳಿಗೆ ಬೈದೀನಿ. ಅಕಿ ಕೇಳಿಸಿಕೊಂಡ್ಲು ಪಾಪ."

ಇಂಥ ಮಾತಿಗೆ ಬಾಲ್ಕನಿಯಲ್ಲಿ ಪಾತ್ರೆ ತಿಕ್ಕುವ ಅನ್ನಮ್ಮ ಅಲ್ಲಿಂದಲೇ ಏನಾದರೊಂದು ಸೇರಿಸಬೇಕಿತ್ತು. ಎರಡೂ ಕಣ್ಣ ಮುಚ್ಚ್ರಿ ಬಾಯಿಯವರ, ಜಗಳಾ ಹರೀತೈತಿ ಎಂದೋ ಮತ್ತೊಂದೋ. ಇವತ್ತು ನಲ್ಲಿಯ ಸದ್ದು ಮಾತ್ರ ಇತ್ತು. ಡಬ್ಬಿಗೆ ಚಪಾತಿ ತುಂಬುತ್ತಿದ್ದ ಸಂಪದಾಳಿಗೆ ಆ ಮೌನದ ಅಂಚು ಎಲ್ಲಿಂದ ಶುರುವಾಯಿತೆಂದು ಹೊಳೆಯಲಿಲ್ಲ. ನಿನ್ನೆಯೂ ಹೀಗೇ ಇದ್ದಳೇ, ಅಥವಾ ತಾನೇ ಏನಾದರೂ ಅಂದೆನೇ ಎಂದು ಹಿಂದಿನ ದಿನದ ಮಾತುಗಳನ್ನೆಲ್ಲ ತಡಕಾಡುತ್ತಿರುವಾಗ ಅನ್ನಮ್ಮನೇ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ನೀವು ಆಫೀಸಿನ್ಯಾಗ ದುರ್ಬೀನ್ ಹಚ್ಚಿ ನೋಡ್ತೀರಂತಲ್ರಿ."

"ಯಾರು ಹೇಳಿದ್ರು?"

"ಬಾಯಿಯವರು. ನಮ್ಮ ತಮ್ಮನ್ನ ಪೊಲೀಸ್ರು ಹಿಡ್ಕಂಡು ಹೋಗ್ಯಾರ್ರಿ. ಹಂಪಯ್ಯನ್ನ."

ಹಂಪಯ್ಯನನ್ನು ಸಂಪದಾ ನೋಡಿದ್ದಳು. ಒಮ್ಮೆ ಫ್ಯಾನು ಇಳಿಸಿ ಒರೆಸಿಕೊಡಲು ಬಂದಿದ್ದ. ಉದ್ದನೆಯ ಮನುಷ್ಯ, ಕೊಟ್ಟ ಚಹಾವನ್ನು ನಿಂತೇ ಕುಡಿದಿದ್ದ. ದೇವದುರ್ಗದ ಕಡೆಯಿಂದ ಬಂದು ಕಟ್ಟಡ ಕಟ್ಟುವ, ಕೆಡವುವ ಕೂಲಿ ಮಾಡುತ್ತಿದ್ದ. ಊರಾಚೆಯ ಯಾವುದೋ ಮುಚ್ಚಿಹೋದ ಸರಕಾರಿ ಕಾರ್ಖಾನೆಯ ಶೆಡ್ಡು ಕೆಡವಲು ಹೋಗಿದ್ದನಂತೆ, ಆ ಕೆಲಸ ಮುಗಿದ ಮೇಲೆ ಸನತ್‌ನಗರದ ಗುಜರಿ ಗೋದಾಮಿನಲ್ಲಿ ಮಾಲು ಇಳಿಸಲು ಸೇರಿದ್ದನಂತೆ. ಅಲ್ಲಿ ಕಂದು ಗಾಜಿನ ಒಂದು ಬಾಟ್ಲಿ ಸಿಕ್ಕಿದೆ. ಒಳಗೆ ಹಳದಿ ಪುಡಿ. ವಿಕಿರಣ ಅಳೆಯುವ, ಟಿಕ್ ಟಿಕ್ ಅನ್ನುವ ಡಬ್ಬಿ ಹಿಡಿದುಕೊಂಡು ಮಂದಿ ಬಂದಿದ್ದಾರೆ.

"ಶೆಡ್ಡ ಕೆಡವಾಕ ಹೋದಾಗ ಎತ್ಗಂಡ ಬಂದಿ ಅಂತಾರ್ರಿ ಅವರು. ಇವ ಅಂತಾನ, ಯಾವ್ದೋ ಕಾಲೇಜಿನ ಗುಜರಿ ಸಂಗಾಟ ಬಂದಿದ್ದು, ನಾ ಬರೇ ಗಾಡಿಯಿಂದ ಇಳಿಸೀನಿ ಅಂತ. ಈಗ ಪುಡಿ ನೋಡಾಕ ಕಳಿಸ್ಯಾರಂತ್ರಿ, ಇಲ್ಲೇ ಹೈದರಾಬಾದಿನ್ಯಾಗ. ಅದ್ರಾಗ ಕಾಣ್ತೈತಂತಲ್ರಿ, ಎಲ್ಲಿಂದು ಅಂತ."

"ನಮ್ಮ ಆಫೀಸಿಗೆ ಅಂಥಾವೆಲ್ಲ ಬರಂಗಿಲ್ಲ ಅನ್ನಮ್ಮ," ಎಂದಳು ಸಂಪದಾ. ಯೋಚಿಸುವ ಮೊದಲೇ ಮಾತು ಹೊರಗೆ ಬಂದಿತ್ತು, ಎಷ್ಟು ನಯವಾಗಿ ಎಂದರೆ ಅದು ಸುಳ್ಳೆಂದು ಅವಳಿಗೂ ತಡವಾಗಿ ತಿಳಿಯಿತು. ಕೆಲಸದ ವಿಷಯ ಮನೆಯಲ್ಲಿ ಆಡಬಾರದು, ಮಿಲಿಂದನಿಗೂ ಹೇಳಬಾರದು. ಹಾಗಾಗಿ ಅದು ಸುಳ್ಳಲ್ಲ, ಕಟ್ಟಳೆ. ಅನ್ನಮ್ಮ ತಲೆಯಾಡಿಸಿ ಹಿಂತಿರುಗಿದಳು. ನಂಬಿದಳೋ ಇಲ್ಲವೋ. ಡಬ್ಬಿಯ ಮುಚ್ಚಳ ಹಾಕುವಾಗ ಸಂಪದಾ ಲೆಕ್ಕ ಹಾಕುತ್ತಿದ್ದಳು: ಈ ವಾರ ಪ್ರಯೋಗಾಲಯಕ್ಕೆ ಬಂದದ್ದು ಒಂದೇ ಹೊಸ ಮಾದರಿ. ಅದರ ಅರ್ಧ ಚಿತ್ರಗಳಿಗೆ ನಿನ್ನೆಯೇ ಗೆರೆ ಎಳೆದಾಗಿತ್ತು.

ಬೇಗಂಪೇಟೆ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ನಾಂಪಲ್ಲಿಗೆ ಹೋಗುವ ಲೋಕಲ್ ಬಂದು ನಿಂತಿತ್ತು. ಜನವರಿ, ಅಲ್ಲಿ ವರ್ಷಕ್ಕೊಮ್ಮೆ ಕೂಡುವ ಎಕ್ಸಿಬಿಷನ್ನಿಗೆ ಹೋಗುವವರು ಬೆಳಗಿನಿಂದಲೇ ಮಕ್ಕಳನ್ನು ಸಿಂಗರಿಸಿಕೊಂಡು ಹೊರಟಿದ್ದರು. ಉಣ್ಣೆಯ ಟೋಪಿ ಹಾಕಿಕೊಂಡ ಒಂದು ಹುಡುಗಿ ಅಪ್ಪನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಜೋತು ಬಿದ್ದಿದ್ದಳು. ಆ ಕೈಯ ಬಿಸಿ ಸಂಪದಾಳಿಗೆ ಗೊತ್ತು, ಅಂಗೈಯ ಒರಟುತನ, ಹೆಬ್ಬೆರಳ ಬುಡದ ಗಂಟು. ಅವಳ ಅಪ್ಪ ರಾಘವೇಂದ್ರರಾಯರು ನಾಂಪಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ವರ್ಷಕ್ಕೊಮ್ಮೆ ಕಚೇರಿ ಬಿಟ್ಟ ಮೇಲೆ ಅವಳನ್ನು ಎಕ್ಸಿಬಿಷನ್ನಿಗೆ ಕರೆದೊಯ್ಯುತ್ತಿದ್ದರು. ಒಂದು ವರ್ಷ ಕಾಶ್ಮೀರಿ ಶಾಲುಗಳ ಅಂಗಡಿಯ ಹತ್ತಿರ ಜನ ಒತ್ತಿ ಬಂದಾಗ ಕೈ ತಪ್ಪಿತು, ಮರುಕ್ಷಣವೇ ಮತ್ತೆ ಸಿಕ್ಕಿತು, ಅವಳು ಮಾತಾಡುತ್ತಲೇ ನಡೆದಳು. ಚೀನಿ ಬಟ್ಟಲುಗಳ ಬಗ್ಗೆ, ತಿರುಗುವ ತೊಟ್ಟಿಲಿನ ಬಗ್ಗೆ. ತೊಟ್ಟಿಲಿನ ದೀಪದ ಬೆಳಕಿನಲ್ಲಿ ತಲೆಯೆತ್ತಿ ನೋಡಿದರೆ ಮೇಲೆ ಬೇರೆಯವರ ಮುಖ. ಆ ಮನುಷ್ಯನೂ ಕೈ ಕೊಡವಿರಲಿಲ್ಲ, ಮಗು ತಾನೇ ಬಿಡಲಿ ಎಂದು ಕಾದಿದ್ದನೇನೋ. ಹಿಂದೆಯೇ ಬರುತ್ತಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲವನ್ನೂ ನೋಡುತ್ತ ಬಂದಿದ್ದರು. ಆಮೇಲೆ ಬಂದವರ ಮುಂದೆಲ್ಲ ಅದೇ ಕತೆ. ಮದುವೆಯಲ್ಲಿ ಮಿಲಿಂದನ ಕಡೆಯವರ ಮುಂದೆ ಕೂಡ: "ನಮ್ಮ ಸಂಪಿ ಒಮ್ಮೆ ಹಿಡದ್ಲಂದ್ರ ಬಿಡಂಗಿಲ್ಲ, ಯಾರ ಕೈ ಅಂತ ಮಾತ್ರ ನೋಡಂಗಿಲ್ಲ." ಸಭೆ ನಕ್ಕಿತು, ಮಿಲಿಂದನೂ ನಕ್ಕ. ಅವಳು ಯಾರಿಗೂ ಹೇಳದೆ ಉಳಿದದ್ದು ಬೇರೆ. ಮುಖ ನೋಡುವವರೆಗೆ ಆ ಕೈ ಅಪ್ಪನದೇ ಆಗಿತ್ತು. ಗಂಟು ಕೂಡ ಇತ್ತು. ತಪ್ಪು ಕೈ ಹಿಡಿದಾಗಿನ ಭರವಸೆಗೂ ಸರಿ ಕೈ ಹಿಡಿದಾಗಿನ ಭರವಸೆಗೂ ಬೆರಳಿಗೆ ಏನೂ ವ್ಯತ್ಯಾಸ ತಿಳಿದಿರಲಿಲ್ಲ.

ಗಾಡಿಯ ಕಿಟಕಿಯಲ್ಲಿ ಸನತ್‌ನಗರದ ಕಡೆಯ ಶೆಡ್ಡುಗಳು ಹಾದುಹೋದವು. ತಗಡಿನ ಮಾಡುಗಳು ಒಂದಕ್ಕೊಂದು ಆತುಕೊಂಡು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳಲಾಗದಂತೆ. ಹೋದ ಕೂಡಲೇ ಪ್ರಯೋಗಾಲಯದ ಮುಖ್ಯಸ್ಥ ಸೂರ್ಯಕಾಂತ ಸರ್ ಕೋಣೆಗೆ ನಡೆದು ಹೇಳಿಬಿಡಬೇಕು, ನನಗೆ ಗೊತ್ತಾಗಿದೆ, ನನ್ನನ್ನು ಈ ಮಾದರಿಯಿಂದ ತೆಗೆಯಿರಿ ಎಂದು. ಆದರೆ ಏನು ಗೊತ್ತಾಗಿದೆ? ಅನ್ನಮ್ಮ ಹೇಳಿದ್ದು ಹಳದಿ ಪುಡಿ. ಅವಳ ಚಿತ್ರಗಳಲ್ಲಿ ಹಳದಿಯೇ ಇಲ್ಲ. ಎಲೆಕ್ಟ್ರಾನಿಗೆ ಬಣ್ಣ ಕಾಣುವುದಿಲ್ಲ, ಬರಿಯ ಬೂದು, ಬೂದಿನೊಳಗೆ ಇನ್ನಷ್ಟು ಬೂದು. ಅದೇ ಪುಡಿ ಎಂದು ಹೇಗೆ ಹೇಳುವುದು? ಹಿಂದೊಮ್ಮೆ ಸುಟ್ಟ ವಾಸನೆ ಬರುತ್ತಿದೆ ಎಂದು ಅವಳು ಹೇಳಿದ್ದರಿಂದ ಕಟ್ಟಡದವರೆಲ್ಲ ಇಳಿದು ಬಿಸಿಲಿನಲ್ಲಿ ನಿಂತಿದ್ದರು, ಕೊನೆಗೆ ಕ್ಯಾಂಟೀನಿನಲ್ಲಿ ಹಪ್ಪಳ ಸೀದದ್ದೆಂದು ಗೊತ್ತಾಯಿತು. ವರ್ಷಗಟ್ಟಲೆ ಹಪ್ಪಳ ಕಂಡಾಗೆಲ್ಲ ಯಾರಾದರೊಬ್ಬರು ಅವಳ ಕಡೆ ನೋಡುತ್ತಿದ್ದರು. ನಿಶ್ಚಯ ಮಾಡಿಕೊಳ್ಳದೆ ಹೇಳಬಾರದು. ನಿಶ್ಚಯ ಮಾಡಿಕೊಳ್ಳಬೇಕೆಂದರೆ ಕೇಳಬೇಕು. ಕೇಳಿದರೆ ಹೇಳಿದಂತೆಯೇ.

ಸೂರ್ಯಕಾಂತ ಸರ್ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗಿನಿಂದ ಫೋನಿನ ಮಾತು ಕೇಳುತ್ತಿತ್ತು. ಅಷ್ಟೇ ಸಾಕಾಯಿತು ಅವಳಿಗೆ. ತನ್ನ ಕುರ್ಚಿಗೆ ಹೋಗಿ ಕೂತು ಚಿತ್ರ ತೆರೆದಳು.

ಮುಚ್ಚಿದ ಆ ಸರಕಾರಿ ಕಾರ್ಖಾನೆಯ ಪುಡಿಯ ಹಳೆಯ ಚಿತ್ರಗಳು ಅವಳಿಗೆ ಬಾಯಿಪಾಠವಾಗಿದ್ದವು. ಅಗಲ ಬಿಲ್ಲೆಗಳು, ಒಂದು ಮೂಲೆ ಮುರಿದ ಬಿಸ್ಕೀಟಿನಂಥವು. ಈ ಮಾದರಿ ಬಿಲ್ಲೆಗಳದಾದರೆ ಅದು ಆ ಶೆಡ್ಡಿನದು, ಹಂಪಯ್ಯ ಕದ್ದವನು. ಕಡ್ಡಿಗಳದಾದರೆ ಬೇರೆಲ್ಲಿಯದೋ, ಹಳೆಯ ಕಾಲೇಜಿನ ರಸಾಯನಶಾಸ್ತ್ರದ ಕಪಾಟಿನದೇ ಇರಬಹುದು, ಹಂಪಯ್ಯ ಬರಿಯ ಹೊತ್ತು ಇಳಿಸಿದವನು. ಹೀಗೆಲ್ಲ ಯೋಚಿಸಬಾರದು. ಅವಳು ತೆರೆಯ ಮೇಲೆ ಗೆರೆ ಎಳೆಯುವ ಪೆನ್ನು ಹಿಡಿದಳು. ತೆರೆಯ ನಡುವೆ ಒಂದು ಅಗಲವಾದ ಕಣ, ಅದರ ಮೈಮೇಲೆ ನೆರಳಿನ ಎಳೆ. ಎಳೆ ಬಿರುಕೇ ಆದರೆ ಇದು ಒಂದೇ ಬಿಲ್ಲೆ. ಎಳೆ ಸಂದು ಆದರೆ ಇವು ಪಕ್ಕಪಕ್ಕ ಮಲಗಿದ ಎರಡು ಕಡ್ಡಿಗಳು. ಅವಳು ಎರಡೆಂದು ಗೆರೆ ಎಳೆದಳು. ಎಳೆದ ಮೇಲೆ, ಅನ್ನಮ್ಮನಿಗಾಗಿ ಎಳೆದೆನೇ ಎನಿಸಿತು. ಅಳಿಸಿ ಒಂದೆಂದು ಎಳೆದಳು. ಪಕ್ಷಪಾತಿ ಆಗಿಬಿಟ್ಟೇನೆಂಬ ಹೆದರಿಕೆಗೆ ಎಳೆದದ್ದು ಇದು. ಹೆದರಿಕೆಯೂ ಒಂದು ಪಕ್ಷವೇ. ಮತ್ತೆ ಅಳಿಸಿದಳು. ನಿಂತು ಚಹಾ ಕುಡಿಯುತ್ತಿದ್ದವನ ಗಂಟಲಿನ ಉಬ್ಬು ಏರಿಳಿಯುವುದು ಕಣ್ಣಮುಂದೆ ಬಂತು. ಕೂತ್ಕೋ ಎಂದು ಆಗ ಅವಳು ಅನ್ನಲಿಲ್ಲವೇ? ಅಂದಿದ್ದಳು ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. ಅಥವಾ ಸ್ಟೂಲನ್ನು ಅವನ ಕಡೆ ಸರಿಸಬೇಕೆಂದುಕೊಂಡು ಅತ್ತೆ ನೋಡುತ್ತಿದ್ದಾರೆಂದು ಸುಮ್ಮನಿದ್ದಳೇ? ಚಿತ್ರದಲ್ಲಿ ನೆರಳಿನ ಎಳೆ ಒಮ್ಮೆ ಆಳವಾಗಿ, ಒಮ್ಮೆ ಬರಿಯ ಗೀಚಾಗಿ ಕಂಡಿತು. ಕೊನೆಗೆ ಎರಡೆಂದೇ ಬಿಟ್ಟಳು. ಮುಂದಿನ ಚಿತ್ರ, ಅದರ ಮುಂದಿನದು. ಕೈ ನಡೆಯುತ್ತಿತ್ತು. ಕೈಯನ್ನು ನಡೆಸುತ್ತಿರುವವರು ಯಾರೆಂದು ತಿಳಿಯಲು ಅವಳು ಪಕ್ಕಕ್ಕೆ ನಿಂತು ನೋಡುವಂತೆ ನೋಡುತ್ತಿದ್ದಳು.

ಊಟದ ಹೊತ್ತಿಗೆ ಸರಿಯಾಗಿ ನಿತಿನ ಅವಳ ಕುರ್ಚಿಯ ಪಕ್ಕ ಬಂದು ನಿಂತ. ಹೊಸದಾಗಿ ಸೇರಿದವನು, ಗೆರೆ ಎಳೆಯುವ ಪರೀಕ್ಷೆ ಇನ್ನೂ ಪಾಸಾಗಿರಲಿಲ್ಲ. ಎಳೆದವರ ಗೆರೆಗಳನ್ನು ತಾಳೆ ನೋಡುವುದಷ್ಟೇ ಅವನ ಕೆಲಸ.

"ಮೇಡಂ, ಜರಾ ಇದನ್ನ ನೋಡ್ರಿ. ನನ್ನ ಮಿಸ್ಟೇಕ್ ಇರಬೇಕು."

ಅವನ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳು ಪಕ್ಕಪಕ್ಕ ಇದ್ದವು. ಅವಳಿಗೆ ಥಟ್ಟನೆ ಅರ್ಥವಾಗಲಿಲ್ಲ. ಗೆರೆ ಎಳೆಯುವವರನ್ನು ಪರೀಕ್ಷಿಸಲು ಆಗೊಮ್ಮೆ ಈಗೊಮ್ಮೆ ಒಂದೇ ಚಿತ್ರವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಕೊಡುವ ಪದ್ಧತಿ ಅಲ್ಲಿತ್ತು. ಕೊಟ್ಟದ್ದು ಎಳೆಯುವವರಿಗೆ ಗೊತ್ತಾಗುತ್ತಿರಲಿಲ್ಲ, ಆದರೂ ಅವಳ ಎರಡೂ ಸಲದ ಗೆರೆಗಳು ಒಂದರ ಮೇಲೊಂದು ಕೂತುಬಿಡುತ್ತಿದ್ದವು. ಸಂಪದಾ ಮೇಡಂ ಕೈ ಅಂದ್ರ ಮಶೀನು ಎಂದು ಸೂರ್ಯಕಾಂತ ಸರ್ ಹೊರಗಿನವರಿಗೆ ಹೇಳುವಾಗ ಅವಳು ನೆಲ ನೋಡುತ್ತ ಒಳಗೊಳಗೇ ಹಿಗ್ಗುತ್ತಿದ್ದಳು. ನಿತಿನ ಒಂದು ಚಿತ್ರವನ್ನು ತಿರುಗಿಸಿ ಇನ್ನೊಂದರ ಮೇಲೆ ಇಟ್ಟ. ಅದೇ ಅಗಲ ಕಣ, ಅದೇ ನೆರಳಿನ ಎಳೆ. ನಿನ್ನೆ ಅವಳು ಅದನ್ನು ಒಂದು ಎಂದು ಬರೆದಿದ್ದಳು, ಅನುಮಾನವಿಲ್ಲದ ಒಂದೇ ಗೆರೆಯಲ್ಲಿ. ಇವತ್ತು ಎರಡು. ಆ ಒಂದು ಕಣ ಮಾತ್ರವಲ್ಲ, ಚಿತ್ರದ ತುಂಬ ನಿನ್ನೆಯ ಬಿಲ್ಲೆಗಳು ಇವತ್ತು ಕಡ್ಡಿಗಳಾಗಿದ್ದವು.

"ನಿನ್ನೆಯದು ಕಾರ್ಖಾನೆಗೆ ಮ್ಯಾಚ್ ಆಗ್ತದ. ಇವತ್ತಿಂದು ಆಗೂದಿಲ್ಲ," ಎಂದ ನಿತಿನ, ತಪ್ಪು ತನ್ನದೇ ಎಂಬ ದನಿಯಲ್ಲಿ. "ಸರ್‌ಗೆ ಹೇಳಬೇಕಾಗ್ತದ ಮೇಡಂ. ಸಾರಿ."

ಸೂರ್ಯಕಾಂತ ಸರ್ ಬೀದರಿನವರು. ಬೇರೆಯವರೊಡನೆ ತೆಲುಗು ಇಲ್ಲವೆ ಹಿಂದಿ, ಅವಳೊಡನೆ ಮಾತ್ರ ಮನೆಯ ಕನ್ನಡ. ಚಿತ್ರಗಳನ್ನು ನೋಡಿದ ಮೇಲೆ ಕನ್ನಡಕ ತೆಗೆದಿಟ್ಟರು.

"ಜ್ವರ ಗಿರ ಬಂದಾವೇನ್ರಿ?"

"ಇಲ್ಲ ಸರ್."

"ಮನ್ಯಾಗ ಎಲ್ಲಾ ಆರಾಮ ಇದ್ದಾರಲ್ಲ? ಅತ್ತಿಯವರ ಕಣ್ಣಿನ ಓಡಾಟ, ನಿದ್ದಿ ಇರಂಗಿಲ್ಲ, ಆಗ್ತದ. ಇವತ್ತಿಂದು ಬಿಟ್ಟಬಿಡ್ರಿ. ನಿನ್ನೆಯದು ಇಟ್ಕೊಳ್ಳೋಣ. ನಾಳೆ ಫ್ರೆಶ್ ಆಗಿ ಉಳದದ್ದು ಮುಗಸ್ರಿ, ಸಹಿ ಮಾಡ್ರಿ. ರಿಪೋರ್ಟಿಗೆ ದಿಲ್ಲಿಯವರು ಕಾಯ್ಲಿಕತ್ತಾರ."

ಇಷ್ಟು ಸರಳವಾಗಿ ಹಂಪಯ್ಯ ಕಳ್ಳನಾದ. ಅವಳು ಸುಮ್ಮನಿದ್ದರೆ ಸಾಕಿತ್ತು. ನಿನ್ನೆ ಅವಳಿಗೆ ಏನೂ ಗೊತ್ತಿರಲಿಲ್ಲ, ಹಾಗಾಗಿ ನಿನ್ನೆಯ ಕೈ ಶುದ್ಧ. ಆದರೆ ನಿನ್ನೆಯೂ ಈ ಕೋಣೆಯಿಂದ ಸರ್ ಹಾಕುವ ಖುಷಿಯ ಸಿಳ್ಳೆ ಕೇಳಿಸುತ್ತಿತ್ತಲ್ಲ, ಹಳೆಯ ಹಿಂದಿ ಹಾಡಿನ ಧಾಟಿ. ಫೋನು ಬಂದಾಗಲೆಲ್ಲ, ತಾಳೆ ಆಗುತ್ತದೆ, ಆಗೇ ಆಗುತ್ತದೆ ಎಂಬ ಮಾತು ಗೋಡೆಯಾಚೆಯಿಂದ ಅವಳ ಕಿವಿಗೆ ಬಿದ್ದಿತ್ತಲ್ಲ. ಬಿಲ್ಲೆಗಳು ಕಾಣಲಿ ಎಂದು ಎಲ್ಲರೂ ಕಾಯುತ್ತಿದ್ದ ಕಟ್ಟಡದಲ್ಲಿ ಕೂತು ಅವಳು ಬಿಲ್ಲೆಗಳನ್ನು ಕಂಡಿದ್ದಳು. ಇವತ್ತಿನದೇ ಸರಿ ಎಂದು ವಾದಿಸಿದರೆ? ಅದಕ್ಕೆ ಅವಳ ಹತ್ತಿರ ಇರುವ ಕಾರಣ ಒದ್ದೆ ಕೈಯಲ್ಲಿ ಬಾಗಿಲಿಗೆ ನಿಂತ ಒಬ್ಬ ಹೆಂಗಸು. ಮೇಜಿನ ಮೇಲಿನ ಕನ್ನಡಕದ ನೆರಳು ಮೇಜಿನ ಮೇಲೆ ಎಲ್ಲಿಗೆ ಮುಗಿಯುತ್ತದೆ ಎಂದು ಅವಳ ಬೆರಳು ಹುಡುಕತೊಡಗಿತ್ತು.

"ಸರ್, ಈ ಮಾದರಿ ಎಲ್ಲಿಂದ ಬಂತು ಅಂತ ನನಗ ಗೊತ್ತದ ಅನಸ್ತದ."

ಸೂರ್ಯಕಾಂತ ಸರ್ ಕೈಯೆತ್ತಿದರು. "ನಿಲ್ರಿ. ಯಾರು, ಎಲ್ಲಿ, ಹೇಳಬ್ಯಾಡ್ರಿ. ನೀವು ತಿಳದದ್ದು ಸರಿ ಅಂತ ನಾ ಅಂದ್ರೂ ತಪ್ಪು, ಅಲ್ಲ ಅಂದ್ರೂ ತಪ್ಪು." ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಯಾವಾಗ ಗೊತ್ತಾತು?"

"ಇವತ್ತ ಮುಂಜಾನೆ."

"ನಿನ್ನೆ ಗೊತ್ತಿರಲಿಲ್ಲ ಅನ್ಲಿಕ್ಕೆ ಏನು ಆಧಾರ? ನಾ ನಂಬತೀನ್ರಿ. ಕೋರ್ಟಿನ್ಯಾಗ ವಕೀಲ ನಂಬಂಗಿಲ್ಲ. ನೀವು ಬಾಯಿ ಬಿಟ್ರೆಂದ್ರ ನಿನ್ನೆಯದೂ ಹೋತು, ಇವತ್ತಿಂದೂ ಹೋತು. ಇಲ್ಲಿ ಇನ್ನ್ಯಾರೂ ಎಳಿಯೋರಿಲ್ಲ. ಬ್ಯಾರೆ ಊರಿನ ಲ್ಯಾಬಿಗೆ ಕಳಿಸಬೇಕು. ಅವರು ಸಾಲಿನ್ಯಾಗ ಇಡ್ತಾರ. ತಿಂಗಳುಗಟ್ಟಲೆ." ದನಿ ಮೆತ್ತಗಾಯಿತು. "ಊಟಾ ಮಾಡಿ ಬರ್ರಿ ಸಂಪದಾ ಅವರ. ಉಂಡು ಬಂದ ಮ್ಯಾಲೆ ಏನ್ ಹೇಳ್ತೀರಿ ಅದನ್ನ ಕೇಳತೀನಿ. ಈಗ ನಾ ಏನೂ ಕೇಳಿಲ್ಲ."

ಅವಳು ಏಳಲಿಲ್ಲ. ತಿಂಗಳುಗಟ್ಟಲೆ ಎಂಬುದು ಯಾರ ತಿಂಗಳು ಎಂದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಇವತ್ತಿನ ಗೆರೆಗಳಿಗೇ ಅಂಟಿಕೊಂಡರೆ, ಇನ್ನೊಂದು ಸಲ ಎಳೆಯುತ್ತೇನೆ ಎಂದು ಕೂತು ಮತ್ತೆ ಎರಡೆಂದೇ ಎಳೆದರೆ, ಹಂಪಯ್ಯ ಮನೆಗೆ ಬಂದರೂ ಬರಬಹುದು. ಅವನು ನಿಜಕ್ಕೂ ಎತ್ತಿಕೊಂಡು ಬಂದಿದ್ದರೆ? ಆ ಕಣ ನಿಜಕ್ಕೂ ಒಂದೇ ಆಗಿದ್ದರೆ? ಅವಳಿಗೆ ಬೇಕಾದದ್ದು ಸತ್ಯವೋ, ಅಥವಾ ತನ್ನ ಕೈ ಮಶೀನಲ್ಲ ಎಂದು ಬೇರೆ ಯಾರಾದರೂ ಕಂಡುಹಿಡಿಯುವ ಮೊದಲು ತಾನೇ ಹೇಳಿಬಿಡುವ ಅವಸರವೋ, ಅದೂ ತಿಳಿಯಲಿಲ್ಲ.

"ಹೇಳಿದ್ದು ಹೇಳಿದ್ದ ಸರ್," ಎಂದಳು.

"ನಾಳಿಂದ ಆ ಮಾದರಿ ಮುಟ್ಟಬ್ಯಾಡ್ರಿ," ಎಂದರು ಅವರು, ಕನ್ನಡಕ ಹಾಕಿಕೊಳ್ಳುತ್ತ. ಯಾರು, ಎಲ್ಲಿ ಎಂದು ಅವರು ಕೇಳಿರಲಿಲ್ಲ; ಆದರೂ ಆ ಒಂದು ಮಾತಿನಲ್ಲಿ ಅವಳಿಗೆ ಬೇಕಾದ ನಿಶ್ಚಯವೆಲ್ಲ ಇದ್ದಂತೆ ಅನಿಸಿತು. ಅದೇ ಪುಡಿ.

ಸಂಜೆ ಮನೆಗೆ ಬಂದಾಗ ಸುಂದರಾಬಾಯಿ ಒಂದು ಕಣ್ಣು ಮುಚ್ಚಿಕೊಂಡು ಟೀವಿ ನೋಡುತ್ತಿದ್ದರು. ಯಾವ ಕಣ್ಣಿನಲ್ಲಿ ವಾರ್ತೆ ಚೆನ್ನಾಗಿ ಕಾಣುತ್ತದೆಂದು ಇನ್ನೂ ತೀರ್ಮಾನವಾದಂತಿರಲಿಲ್ಲ. ಬಾಲ್ಕನಿಯಲ್ಲಿ ಅನ್ನಮ್ಮ ಸಂಜೆಯ ಮುಸುರೆ ತಿಕ್ಕುತ್ತಿದ್ದಳು, ಬೆಳಗಿನದಕ್ಕಿಂತ ಹಗುರವಾದ ಕೈ.

"ಅಕ್ಕಾರ, ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆನ್ರಿ. ತಮ್ಮನ್ನ ಮಾತಾಡ್ಸಿದೆ, ಅನ್ನಾ ತಿಂದಾನ. ಈ ವಾರದಾಗ ಪುಡಿ ನೋಡಿದ್ದು ಬರ್ತೈತಂತ. ಚಲೋ ಬಂದ್ರ ಬಿಡ್ತೀವಿ ಅಂದಾರ. ಸಾಹೇಬ ಒಳ್ಳೆಯಾವ ಇದ್ದಾನ್ರಿ, ಕುರ್ಚಿ ಕೊಟ್ಟ ನನಗ."

ಸಂಪದಾ ಡಬ್ಬಿಯನ್ನು ಅವಳ ಪಾತ್ರೆಗಳ ಪಕ್ಕದಲ್ಲಿಟ್ಟಳು. ಒಳಗಿನ ಚಪಾತಿ ಹಾಗೇ ಇತ್ತು. ಸುಮ್ಮನೆ ಒಳಗೆ ಹೋಗಬಹುದಿತ್ತು. ಹೋಗಿ ಸೀರೆ ಬದಲಿಸಿ, ಚಹಾಕ್ಕೆ ಇಡಬಹುದಿತ್ತು. ಈ ವಾರ ಕಳೆದು ಮುಂದಿನ ವಾರ ಬಂದು, ದಿನಾ ಬೆಳಿಗ್ಗೆ ಸಂಜೆ ಈ ಬಾಗಿಲಲ್ಲಿ ಆ ಮುಖ ನೋಡುತ್ತ, ಏನೂ ಗೊತ್ತಿಲ್ಲದವಳಂತೆ, ಬಂತೇನು ಅನ್ನಮ್ಮ ಎಂದು ಕೇಳುತ್ತ ಇರಬಹುದಿತ್ತು. ಕಟ್ಟಳೆ ಕೇಳುತ್ತಿದ್ದದ್ದು ಅದನ್ನೇ.

"ಈ ವಾರ ಬರಂಗಿಲ್ಲ ಅನ್ನಮ್ಮ. ಭಾಳ ದಿನಾ ಹಿಡೀತದ."

ಅನ್ನಮ್ಮ ನಲ್ಲಿ ನಿಲ್ಲಿಸಿದಳು. ಟೀವಿಯ ಮಾತು ಇಲ್ಲಿಯವರೆಗೂ ಕೇಳಿಸಿತು.

"ನಿಮಗ ಹ್ಯಾಂಗ ಗೊತ್ತ್ರಿ?"

ಸಂಪದಾ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು.

"ನಿಮ್ಮ ಆಫೀಸಿಗೆ ಅಂಥಾವು ಬರಂಗಿಲ್ಲ ಅಂದಿದ್ರಿ."

"ಬರ್ತಾವ."

"ನೀವ ನೋಡಿದ್ರಿ?"

"ನೋಡಿದೆ."

"ಏನ್ ಕಂಡಿತ್ರಿ?"

ಒಂದೇ ಚಿತ್ರ ಒಂದು ದಿನ ಒಂದು, ಮರುದಿನ ಎರಡು ಎಂದು ಹೇಗೆ ಹೇಳುವುದು? ಯಾವುದು ತನ್ನ ಕಣ್ಣು, ಯಾವುದು ಸೂರ್ಯಕಾಂತ ಸರ್ ಸಿಳ್ಳೆ, ಯಾವುದು ಅನ್ನಮ್ಮನ ಒದ್ದೆ ಕೈ ಎಂದು ಬಿಡಿಸಿಡುವ ಗೆರೆ ಎಲ್ಲಿದೆ? "ಸರಿಯಾಗಿ ಕಾಣಲಿಲ್ಲ," ಎಂದಳು. "ಕಾಣಲಿಲ್ಲ ಅಂತ ಹೇಳಿ ಬಂದೆ. ಅದಕ್ಕ ತಡಾ ಆಗ್ತದ."

ಅನ್ನಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಬೈಯುವಳೆಂದು ಸಂಪದಾ ಕಾದಳು, ಅಳುವಳೆಂದು ಕಾದಳು. ಅವಳು ಕೇಳಿದ್ದು ಗೊತ್ತಿಲ್ಲದ್ದನ್ನು ತಿಳಿಯಲು ಕೇಳುವವರ ದನಿಯಲ್ಲಿ.

"ದುರ್ಬೀನ್ ಹಚ್ಚಿದ್ರೂ ನಿಮಗ ಕಾಣಲಿಲ್ಲಂದ್ರ, ಅಕ್ಕಾರ, ಅವರು ಬರಿಗಣ್ಣಿಲೆ ಏನ್ ನೋಡಿ ಹಿಡಕಂಡು ಹೋಗ್ಯಾರ್ರಿ ಅವನ್ನ?"

ಅನ್ನಮ್ಮ ನಲ್ಲಿ ತಿರುಗಿಸಿದಳು. ತೊಳೆದು ಬೋರಲು ಹಾಕಿದ್ದ ಪಾತ್ರೆಯನ್ನೇ ಮತ್ತೆ ಎತ್ತಿಕೊಂಡು ತಿಕ್ಕತೊಡಗಿದಳು. ಇಳಿಬೆಳಕಿನಲ್ಲಿ ಅವಳ ಬಾಗಿದ ಬೆನ್ನು, ಹಿಂದಿನ ಗೋಡೆ, ಗೋಡೆಯ ಮೇಲಿನ ನೆರಳು ಎಲ್ಲ ಒಂದೇ ಬೂದಾಗಿತ್ತು. ಸಂಪದಾಳ ಬೆರಳು ತಾನಾಗಿ ಎದ್ದು, ಆ ಬೆನ್ನು ಎಲ್ಲಿ ಮುಗಿಯುತ್ತದೆಂದು ಹುಡುಕಿಕೊಂಡು ಹೊರಟಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿದಳು, ಹಿಡಿದುಕೊಂಡೇ ನಿಂತಳು.